ಎರಡನೆಯ ಪ್ರತಿ, ಎರಡನೆಯ ದಾರಿ

ಮನೆಯ ಕಂಪ್ಯೂಟರಿಗೆ ಎಷ್ಟು ಹಣ ತೆತ್ತೆವೆಂಬುದನ್ನು ಅಂಗಡಿಯ ರಸೀದಿ ಹೇಳುತ್ತದೆ. ಆದರೆ ಅದರೊಳಗೆ ವರ್ಷಗಟ್ಟಲೆ ಕೂಡಿಬಂದ ಫೋಟೋಗಳು, ಲೆಕ್ಕಪತ್ರಗಳು, ಮಕ್ಕಳ ಅಂಕಪಟ್ಟಿಗಳು, ಜಮೀನಿನ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು, ಅರ್ಧ ಬರೆದಿಟ್ಟ ಪುಸ್ತಕ, ಇವೆಲ್ಲ ಸೇರಿ ಆಗುವ ದತ್ತಾಂಶದ ಬೆಲೆಯನ್ನು ಯಾವ ರಸೀದಿಯೂ ಹೇಳದು. ಯಂತ್ರ ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು, ತೀರಿಕೊಂಡ ಅಜ್ಜಿಯ ದನಿಯಿದ್ದ ಒಂದೇ ಒಂದು ಧ್ವನಿಮುದ್ರಣ ಅಳಿದುಹೋದರೆ ಅದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಈ ಸಂಪತ್ತಿಗೆ ಎರಡು ಕಡೆಯಿಂದ ಕೇಡು ಒದಗುತ್ತದೆ. ಒಂದು ಯಂತ್ರದ ಒಳಗಿನದು: ಡಿಸ್ಕ್ ಕೆಡುವುದು, ಕೈತಪ್ಪಿ ಅಳಿಸುವುದು, ಕಳವಾಗುವುದು. ಇನ್ನೊಂದು ಇ-ಮೇಲಿನ ವೇಷದಲ್ಲಿ ಹೊರಗಿನಿಂದ ಬರುವುದು. ಮೊದಲನೆಯದು ರಿಪೇರಿಯವರ ಕೆಲಸವೆಂದೂ ಎರಡನೆಯದು ಪೊಲೀಸರ ಕೆಲಸವೆಂದೂ ಬೇರೆಯಾಗಿ ನೋಡುವುದು ರೂಢಿಯಾಗಿದ್ದರೂ ಎರಡರ ಬೇರು ಒಂದೇ ಆಗಿದೆ. ದತ್ತಾಂಶ ಕಳೆದುಕೊಂಡವರು ಒಂದೇ ಪ್ರತಿಯನ್ನು ನಂಬಿರುತ್ತಾರೆ, ಹಣ ಕಳೆದುಕೊಂಡವರು ಒಂದೇ ದಾರಿಯಲ್ಲಿ ಬಂದ ಮಾತನ್ನು ನಂಬಿರುತ್ತಾರೆ.

ದತ್ತಾಂಶ ಎಷ್ಟು ಸೂಕ್ಷ್ಮವಾದ ಆಸರೆಯ ಮೇಲೆ ನಿಂತಿದೆ ಎಂಬುದನ್ನು ತಿಳಿಯಲು ಡಿಸ್ಕಿನ ಒಳಗನ್ನು ನೋಡಬೇಕು. ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ, ಕೆಲವೇ ನ್ಯಾನೋಮೀಟರುಗಳಷ್ಟು ಎತ್ತರದಲ್ಲಿ, ಓದುವ ಮತ್ತು ಬರೆಯುವ ತಲೆ ಗಾಳಿಯ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಮನುಷ್ಯನ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ, ಕೆಲಸ ಮಾಡುತ್ತಿರುವ ಲ್ಯಾಪ್‌ಟಾಪನ್ನು ಮಂಚದ ಮೇಲಿಂದ ಕೆಳಗೆ ಬೀಳಿಸಿದಾಗ ಒಳಗೆ ಏನಾಗಬಹುದೆಂದು ಊಹಿಸಬಹುದು: ತಲೆ ತಟ್ಟೆಯನ್ನು ಮುಟ್ಟುತ್ತದೆ, ಲೇಪ ಕೆರೆದುಹೋಗುತ್ತದೆ, ಆ ಭಾಗದಲ್ಲಿದ್ದ ಬರಹ ಧೂಳಾಗುತ್ತದೆ. ಈಚಿನ ಯಂತ್ರಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿ ದತ್ತಾಂಶವು ಅರೆವಾಹಕದ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿರುತ್ತದೆ. ಬಿದ್ದರೂ ಅದು ಸುಲಭಕ್ಕೆ ಕೆಡದು, ಆದರೆ ಅದರ ಪ್ರತಿಯೊಂದು ಕೋಶವನ್ನೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಬಹುದು. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಅನೇಕ ವೇಳೆ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ, ಎಸ್‌ಎಸ್‌ಡಿ ಮಾತ್ರ ಸದ್ದಿಲ್ಲದೆ ಒಂದು ಬೆಳಗ್ಗೆ ಕಣ್ಣು ಮುಚ್ಚಿಬಿಡಬಲ್ಲದು. ವರ್ಷಗಟ್ಟಲೆ ವಿದ್ಯುತ್ತಿನ ಸಂಪರ್ಕವಿಲ್ಲದೆ ಬೀರುವಿನಲ್ಲಿಟ್ಟರೆ ಕೋಶಗಳ ಆವೇಶ ಮೆಲ್ಲಗೆ ಸೋರಿಹೋಗುವ ಸಂಭವವೂ ಇರುವುದರಿಂದ ಎಸ್‌ಎಸ್‌ಡಿಯಾಗಲಿ ಪೆನ್ ಡ್ರೈವ್ ಆಗಲಿ ದೀರ್ಘಕಾಲದ ಪೆಟ್ಟಿಗೆಯಲ್ಲ.

ಅಳಿಸುವಿಕೆಯ ವಿಷಯದಲ್ಲಿ ಈ ಎರಡು ಬಗೆಯ ಡಿಸ್ಕುಗಳ ನಡುವೆ ಇರುವ ವ್ಯತ್ಯಾಸ ಸಾಮಾನ್ಯ ಬಳಕೆದಾರರಿಗೆ ಹೆಚ್ಚಾಗಿ ತಿಳಿದಿರುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಒಂದು ಫೈಲನ್ನು ಅಳಿಸಿದಾಗ, ಪುಸ್ತಕದ ಪುಟವನ್ನು ಹರಿಯದೆ ಪರಿವಿಡಿಯಲ್ಲಿ ಅದರ ಹೆಸರನ್ನಷ್ಟೇ ಹೊಡೆದುಹಾಕಿದಂತೆ, ಫೈಲಿನ ಜಾಗ ಖಾಲಿಯಿದೆಯೆಂದು ಗುರುತು ಮಾಡಲಾಗುತ್ತದೆಯೇ ಹೊರತು ಒಳಗಿನ ಬರಹ ತಕ್ಷಣ ಹೋಗುವುದಿಲ್ಲ. ಅದರ ಮೇಲೆ ಬೇರೆಯದನ್ನು ಬರೆಯುವ ತನಕ ಹಿಂಪಡೆಯುವ ತಂತ್ರಾಂಶಗಳಿಗೆ ಅದು ಸಿಗುತ್ತದೆ. ಆದುದರಿಂದ ಮುಖ್ಯವಾದುದು ಅಳಿದುಹೋಯಿತೆಂದು ತಿಳಿದ ಕ್ಷಣವೇ ಯಂತ್ರದ ಬಳಕೆಯನ್ನು ನಿಲ್ಲಿಸಬೇಕು. ಹಿಂಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳುವುದೆಂದರೆ ಹುಡುಕುತ್ತಿರುವ ಪುಟದ ಮೇಲೆಯೇ ಶಾಯಿ ಚೆಲ್ಲಿದಂತೆ. ಎಸ್‌ಎಸ್‌ಡಿಯಲ್ಲಿ ಈ ಅವಕಾಶವೂ ಬಹಳ ಕಿರಿದು, ಏಕೆಂದರೆ ಅಳಿಸಿದ ಜಾಗಗಳನ್ನು ಮುಂದಿನ ಬರವಣಿಗೆಗೆ ತೆರವು ಮಾಡಿಡುವಂತೆ ಕಾರ್ಯಾಚರಣಾ ವ್ಯವಸ್ಥೆಯೇ ಡಿಸ್ಕಿಗೆ ತಿಳಿಸುತ್ತದೆ. ಟ್ರಿಮ್ ಎಂದು ಹೆಸರುಳ್ಳ ಈ ಸೂಚನೆ ಹೋದ ಮೇಲೆ ರಿಪೇರಿ ಅಂಗಡಿಯವರಿಂದಲೂ ಹೆಚ್ಚೇನೂ ಆಗುವುದಿಲ್ಲ.

ಕರ್ನಾಟಕದ ಮನೆಗಳಲ್ಲಿ ದತ್ತಾಂಶ ಅಳಿಯುವುದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನೊಡನೆ ಬರುವ ಮಳೆಯ ದಿನಗಳಲ್ಲಿ ವಿದ್ಯುತ್ತು ಹೋಗುತ್ತ ಬರುತ್ತ ಇರುವಾಗ, ಫೈಲನ್ನು ಬರೆಯುತ್ತಿದ್ದ ಡಿಸ್ಕ್ ನಡುವೆಯೇ ನಿಂತರೆ ಆ ಫೈಲಷ್ಟೇ ಅಲ್ಲದೆ ಫೈಲುಗಳ ಪರಿವಿಡಿಯೂ ಕೆಡಬಹುದು. ಯುಪಿಎಸ್ ಇದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಸಿಡಿಲಿಗೆ ಮಾತ್ರ ಪ್ಲಗ್ ಕಿತ್ತಿಡುವುದೇ, ಅದರ ಜೊತೆಗೆ ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡುವುದೇ ಮದ್ದು.

ಯಾವ ಡಿಸ್ಕೂ ಶಾಶ್ವತವಲ್ಲವೆಂದ ಮೇಲೆ ಉಳಿಯುವ ಉಪಾಯ ಪ್ರತಿ ಮಾಡಿಡುವುದೊಂದೇ. ಕಂಪ್ಯೂಟರಿನ ಭಾಷೆಯಲ್ಲಿ ಇದಕ್ಕೆ ಬ್ಯಾಕಪ್ ಎಂಬ ಹೆಸರಿದ್ದರೂ ಕನ್ನಡ ನಾಡಿಗೆ ಈ ತಿಳಿವಳಿಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ; ಅದೇ ಪೊನ್ನನ ಭುವನೈಕರಾಮಾಭ್ಯುದಯ ಸಿಗುವುದಿಲ್ಲ. ಒಂದು ಉಳಿದು ಇನ್ನೊಂದು ಅಳಿದುದಕ್ಕೆ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಹೇಳುವಂತಿಲ್ಲ, ಧರ್ಮಗ್ರಂಥವನ್ನು ಬಸದಿಗಳು ಕಾಪಾಡಿದಂತೆ ಲೌಕಿಕ ಕಾವ್ಯವನ್ನು ಕಾಪಾಡಲಿಲ್ಲವೆಂಬುದೂ ನಿಜ. ಆದರೂ ಗೆದ್ದಲು, ಬೆಂಕಿ, ಮಳೆ, ದಂಡಯಾತ್ರೆಗಳು ಒಂದು ಊರಿನ ಪ್ರತಿಯನ್ನು ಕೊಂದಾಗ ಇನ್ನೊಂದು ಊರಿನ ಪ್ರತಿ ಬದುಕಿರುತ್ತದೆಂಬ ಸತ್ಯವನ್ನು ಆ ತಾಯಿ ಸಾವಿರ ವರ್ಷಗಳ ಹಿಂದೆಯೇ ಬಲ್ಲವಳಾಗಿದ್ದಳು. ಇಲ್ಲಿ ಎಷ್ಟು ಪ್ರತಿಗಳೆಂಬುದಕ್ಕಿಂತ ಅವು ಎಲ್ಲೆಲ್ಲಿದ್ದವು ಎಂಬುದೇ ದೊಡ್ಡದು. ಒಂದೇ ಮೇಜಿನ ಮೇಲೆ ಲ್ಯಾಪ್‌ಟಾಪೂ ಅದರ ಬ್ಯಾಕಪ್ ಡಿಸ್ಕೂ ಇದ್ದರೆ ಕಳ್ಳ ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಫೋಟೋಗಳ ಸಂಗ್ರಹವನ್ನು ಕುರಿತು ಬರೆಯುತ್ತ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಇದನ್ನೇ ಲೆಕ್ಕಕ್ಕೆ ಇಳಿಸಿದೆ: ಮೂಲವೂ ಸೇರಿ ಮೂರು ಪ್ರತಿಗಳು, ಅವು ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಜಾಗದಲ್ಲಿ. ಸಾಮಾನ್ಯ ಕುಟುಂಬವೊಂದಕ್ಕೆ ಇದರ ಅರ್ಥ ಇಷ್ಟೆ: ಮೂಲ ಕಂಪ್ಯೂಟರಿನಲ್ಲಿರಲಿ, ವಾರಕ್ಕೊಮ್ಮೆ ಒಂದು ಹೊರ ಹಾರ್ಡ್ ಡಿಸ್ಕಿಗೆ ಪ್ರತಿಯಾಗಲಿ, ಇನ್ನೊಂದು ಪ್ರತಿ ಕ್ಲೌಡಿನಲ್ಲಿ, ಅಂದರೆ ಇಂಟರ್‌ನೆಟ್ಟಿನ ಮೂಲಕ ತಲುಪಬಹುದಾದ ಯಾವುದಾದರೂ ಕಂಪನಿಯ ದೂರದ ಕಂಪ್ಯೂಟರುಗಳಲ್ಲಿ, ಇಲ್ಲವೇ ಬೇರೆ ಊರಿನ ಅಣ್ಣನ ಮನೆಯ ಬೀರುವಿನಲ್ಲಿ ಇರಲಿ. ವಿಂಡೋಸಿನಲ್ಲಿ ಫೈಲ್ ಹಿಸ್ಟರಿ, ಆ್ಯಪಲ್ ಯಂತ್ರಗಳಲ್ಲಿ 2007ರಿಂದ ಬಂದಿರುವ ಟೈಮ್ ಮಷೀನ್ ಎಂಬ ಸೌಲಭ್ಯಗಳು ಬದಲಾದ ಫೈಲುಗಳನ್ನು ತಾವಾಗಿಯೇ ಪ್ರತಿ ಮಾಡುವುದಲ್ಲದೆ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುತ್ತವೆ. ಹೊರ ಡಿಸ್ಕಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಪ್ರತಿಯ ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಬಿಡಿಸಿ ಎತ್ತಿಡಬೇಕು. ಇದಕ್ಕೆ ಕಾರಣ ಮುಂದೆ ಬರುತ್ತದೆ. ಮನೆಯಿಂದಾಚೆ ಇಡುವ ಡಿಸ್ಕನ್ನು ಗೂಢಲಿಪಿಗೆ ಒಳಪಡಿಸಿ ಪಾಸ್‌ವರ್ಡ್ ಹಾಕಿಡುವುದು ಒಳ್ಳೆಯದು, ಆದರೆ ಆ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯ ದಾಖಲೆಗಳ ಜೊತೆಗೆ ಇಡದಿದ್ದರೆ ಬೀಗದ ಕೈ ಕಳೆದ ಪೆಟ್ಟಿಗೆಯಂತೆ ಅದು ಮನೆಯವರಿಗೇ ತೆರೆಯದು.

ಕ್ಲೌಡಿನ ವಿಷಯದಲ್ಲಿ ತುಂಬ ಜನ ಒಂದು ತಪ್ಪು ತಿಳಿವಳಿಕೆಯನ್ನು ಇಟ್ಟುಕೊಂಡಿದ್ದಾರೆ. ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದವು ಕಂಪ್ಯೂಟರಿನ ಒಂದು ಫೋಲ್ಡರನ್ನೂ ದೂರದ ಫೋಲ್ಡರನ್ನೂ ಸದಾ ಒಂದೇ ರೀತಿ ಇರಿಸುತ್ತವೆ. ಸಿಂಕ್ ಎಂದರೆ ಇದೇ. ಕನ್ನಡಿಯ ಮುಂದೆ ನಿಂತವರು ಹಣೆಯ ಕುಂಕುಮ ಅಳಿಸಿಕೊಂಡರೆ ಕನ್ನಡಿಯಲ್ಲಿಯೂ ಅಳಿಯುವಂತೆ, ಇಲ್ಲಿ ಅಳಿಸಿದ ಫೈಲು ಅಲ್ಲಿಯೂ ಅಳಿಯುತ್ತದೆ. ಅಳಿಸಿದ್ದನ್ನು ಕೆಲವು ದಿನ, ಗೂಗಲ್ ಡ್ರೈವಿನಲ್ಲಾದರೆ 30 ದಿನ, ಕಸದ ಬುಟ್ಟಿಯಲ್ಲಿ ಉಳಿಸಿಡುತ್ತಾರಾದರೂ ಮಗು ಆಡುತ್ತ ಅಳಿಸಿದ ಫೋಲ್ಡರ್ ಆರು ತಿಂಗಳ ಮೇಲೆ ನೆನಪಿಗೆ ಬಂದರೆ ಅದು ಎರಡೂ ಕಡೆ ಇರುವುದಿಲ್ಲ. ಕನ್ನಡಿ ಪ್ರತಿಯಲ್ಲ.

ಪ್ರತಿ ಇದೆ ಎಂದುಕೊಳ್ಳುವುದು ಬೇರೆ, ಪ್ರತಿ ಇರುವುದು ಬೇರೆ ಎಂಬುದಕ್ಕೆ ಕಂಪ್ಯೂಟರುಗಳನ್ನೇ ಉಸಿರಾಡುವ ಸಂಸ್ಥೆಗಳಲ್ಲಿ ನಡೆದ ಎರಡು ಘಟನೆಗಳು ಸಾಕ್ಷಿಯಾಗಿವೆ. 1998ರಲ್ಲಿ, ಮಕ್ಕಳೂ ದೊಡ್ಡವರೂ ಮೆಚ್ಚಿದ ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ, ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆದೇಶದಿಂದ ಚಿತ್ರದ ಬಹುಪಾಲು ಫೈಲುಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ಟೇಪುಗಳನ್ನು ತೆಗೆದು ನೋಡಿದರೆ ಅವು ಕೆಲವು ಕಾಲದಿಂದ ಸರಿಯಾಗಿ ಬರೆಯುತ್ತಲೇ ಇರಲಿಲ್ಲವೆಂದು, ಆ ದೋಷವನ್ನು ಯಾರೂ ಗಮನಿಸಿರಲಿಲ್ಲವೆಂದು ತಿಳಿದುಬಂತು. ಚಿತ್ರವನ್ನು ಉಳಿಸಿದ್ದು ಗೇಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರ್: ಹೆರಿಗೆಯಾದ ಮೇಲೆ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಚಿತ್ರದ ಒಂದು ಪ್ರತಿಯನ್ನು ಅಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಹಸುಗೂಸನ್ನು ತರುವಂತೆ ನಿಧಾನವಾಗಿ ಸ್ಟುಡಿಯೋಗೆ ತರಲಾಯಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ, ದಣಿದ ತಂತ್ರಜ್ಞನೊಬ್ಬ ತಪ್ಪು ಯಂತ್ರದ ಮೇಲೆ ಅಳಿಸುವ ಆದೇಶ ಕೊಟ್ಟಾಗ, ಹೊಂದಿಸಿಟ್ಟಿದ್ದ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಯಾವುದನ್ನೂ ನೆಚ್ಚುವಂತಿರಲಿಲ್ಲ. ಅದಕ್ಕೆ ಸುಮಾರು ಆರು ಗಂಟೆಗಳ ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಕೈಹಿಡಿಯಿತು. ಅಷ್ಟು ಬಲ್ಲವರ ಪಾಡೇ ಹೀಗಾದರೆ ಮನೆಯ ಬಳಕೆದಾರರು ಕೆಲವು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕಿನಿಂದ ಒಂದೆರಡು ಫೋಟೋಗಳನ್ನೂ ಒಂದು ಹಳೆಯ ಪತ್ರವನ್ನೂ ಬೇರೆ ಯಂತ್ರದಲ್ಲಿ ತೆರೆದು ನೋಡುವುದು ಅತಿ ಎಚ್ಚರಿಕೆಯೇನೂ ಅಲ್ಲ.

ಡಿಸ್ಕ್ ಚೆನ್ನಾಗಿದ್ದು, ಫೈಲೂ ಇದ್ದು, ಆದರೂ ದತ್ತಾಂಶ ಕಳೆದುಹೋಗುವ ಒಂದು ಬಗೆ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದೆ. ಕಂಪ್ಯೂಟರಿನಲ್ಲಿ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಗಳನ್ನು ಕೊಟ್ಟಿದ್ದರೂ ಅದು ಬಳಕೆಗೆ ಬರಲು ವರ್ಷಗಳು ಹಿಡಿದವು; ಅಲ್ಲಿಯವರೆಗೆ, ಅನೇಕ ಕಡೆ ಅದರ ನಂತರವೂ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿಂದ ಕೆಲಸ ಸಾಗಿತು. ನುಡಿ, ಬರಹ ಮೊದಲಾದ ತಂತ್ರಾಂಶಗಳು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಾದಂಬರಿಯನ್ನೋ ಸಂಘದ ನಡಾವಳಿಯನ್ನೋ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ರೋಮನ್ ಲಿಪಿಯ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ ಮೊದಲಾದವುಗಳ ಸಾಲಾಗಿ ಕಾಣಿಸುತ್ತದೆ. ಇಂಥ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಈಗ ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪುವುದರಿಂದ, ಬರೆದವರು ಅಥವಾ ಓದಿ ಬಲ್ಲವರು ಇರುವಾಗಲೇ ಆ ಕೆಲಸ ಮುಗಿದು, ಮೂಲ ಫೈಲೂ ಅದರ ಫಾಂಟೂ ಜೊತೆಯಲ್ಲಿ ಉಳಿಯಬೇಕು. ಎಷ್ಟೋ ಲೇಖಕರ, ಸಣ್ಣ ಪತ್ರಿಕೆಗಳ, ಮುದ್ರಣಾಲಯಗಳ ಹಳೆಯ ಡಿಸ್ಕುಗಳಲ್ಲಿ ಈ ರೀತಿ ಮೂಕವಾಗಿ ಕುಳಿತಿರುವ ಕನ್ನಡ ಬಹಳವಿದೆ.

ಒಳಗಿನ ಕೇಡೂ ಹೊರಗಿನ ಕೇಡೂ ಒಂದಾಗಿ ಬಂದುದನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2000ದ ಮೇ 4ರಂದು. ಫಿಲಿಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಎಂಬ ಇ-ಮೇಲ್ ಕೆಲವೇ ದಿನಗಳಲ್ಲಿ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿತು. ಅದರ ಜೊತೆಗಿದ್ದ ಫೈಲಿನ ಹೆಸರು ಪ್ರೇಮಪತ್ರದ್ದು. ಹೆಸರಿನ ಕೊನೆಯಲ್ಲಿ ಮೊದಲು ‘ಟಿಎಕ್ಸ್‌ಟಿ’ ಎಂದೂ ಅದರ ನಂತರ ‘ವಿಬಿಎಸ್’ ಎಂದೂ ಇತ್ತು. ಹೆಸರಿನ ಕೊನೆಯ ತುಂಡು, ಅಂದರೆ ಎಕ್ಸ್‌ಟೆನ್ಶನ್, ಫೈಲು ಯಾವ ಜಾತಿಯದೆಂದು ಯಂತ್ರಕ್ಕೆ ತಿಳಿಸುತ್ತದೆ: ಮೊದಲನೆಯದು ಬರಿಯ ಪಠ್ಯ, ಎರಡನೆಯದು ಯಂತ್ರ ನಡೆಸಬೇಕಾದ ಆದೇಶಗಳ ಪಟ್ಟಿ. ವಿಂಡೋಸಿಗೆ ಪರಿಚಿತ ಎಕ್ಸ್‌ಟೆನ್ಶನ್ನುಗಳನ್ನು ಮರೆಮಾಡುವ ವಾಡಿಕೆಯಿದ್ದುದರಿಂದ ನೋಡುವವರಿಗೆ ‘ಟಿಎಕ್ಸ್‌ಟಿ’ಯಷ್ಟೇ ಕಂಡಿತು. ತೆರೆದವರ ಯಂತ್ರದಲ್ಲಿ ಆ ಆದೇಶಗಳು ಫೋಟೋ ಫೈಲುಗಳ ಮೇಲೆ ತಮ್ಮನ್ನೇ ಬರೆದು ಅವುಗಳನ್ನು ನಾಶಮಾಡಿದವು, ಹಾಡುಗಳನ್ನು ಅಡಗಿಸಿದವು, ಬಳಿಕ ಔಟ್‌ಲುಕ್ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪತ್ರವನ್ನು ಕಳುಹಿಸಿದವು. ಹೀಗೆ ಪತ್ರ ಬಂದದ್ದು ಅಪರಿಚಿತರಿಂದಲ್ಲ, ಪಕ್ಕದ ಮೇಜಿನ ಸಹೋದ್ಯೋಗಿಯಿಂದ, ಸೋದರಮಾವನಿಂದ. ವಿಂಡೋಸ್ ಇಂದಿಗೂ ಎಕ್ಸ್‌ಟೆನ್ಶನ್ನುಗಳನ್ನು ಮರೆಮಾಡಿಯೇ ಕೊಡುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ಅದನ್ನು ಕಾಣುವಂತೆ ಮಾಡಿಕೊಳ್ಳಲು ಅರ್ಧ ನಿಮಿಷ ಸಾಕು.

ಇದೇ ಮಾರ್ಗದ ಮುಂದಿನ ಘಟ್ಟ ರ್‍ಯಾನ್ಸಮ್‌ವೇರ್, ಎಂದರೆ ಒತ್ತೆ ಹಣ ಕೇಳುವ ದುಷ್ಟ ತಂತ್ರಾಂಶ. ಅದು ಫೈಲುಗಳನ್ನು ಅಳಿಸುವುದಿಲ್ಲ, ಗೂಢಲಿಪಿಗೆ ತಿರುಗಿಸಿ ಬೀಗದ ಕೈಗೆ ಬೆಲೆ ಕಟ್ಟುತ್ತದೆ. ಇದರ ಮೊದಲ ಮಾದರಿ 1989ರಷ್ಟು ಹಿಂದೆಯೇ ಏಡ್ಸ್ ರೋಗದ ಮಾಹಿತಿಯೆಂದು ಅಂಚೆಯಲ್ಲಿ ಹೋದ ಫ್ಲಾಪಿಗಳಲ್ಲಿತ್ತು; ಅದು 189 ಡಾಲರನ್ನು ಪನಾಮದ ಒಂದು ಅಂಚೆಪೆಟ್ಟಿಗೆಗೆ ಕಳುಹಿಸಲು ಹೇಳುತ್ತಿತ್ತು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹಿಡಿದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸುವ ಸ್ಥಿತಿ ತಂದಿತು. ಅದು ನುಸುಳಿದ ವಿಂಡೋಸ್ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎಂಟು ವಾರಗಳ ಕಾಲ ಅಪ್‌ಡೇಟನ್ನು ನಾಳೆಗೆ ತಳ್ಳಿದವರು ಸಿಕ್ಕಿಬಿದ್ದರು. 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದ ವಿಂಡೋಸ್ 10ನ್ನು ಹಾಗೆಯೇ ಮುಂದುವರಿಸಿರುವ ಮನೆಗಳು ಈ ಮಾತನ್ನು ಗಮನಿಸಬೇಕು. ಹೊರ ಡಿಸ್ಕನ್ನು ಬಿಡಿಸಿ ಎತ್ತಿಡಬೇಕೆಂದು ಹಿಂದೆ ಹೇಳಿದುದರ ಕಾರಣವೂ ಇದೇ: ರ್‍ಯಾನ್ಸಮ್‌ವೇರ್ ಯಂತ್ರಕ್ಕೆ ಅಂಟಿಕೊಂಡಿರುವ ಪ್ರತಿಯೊಂದು ಡಿಸ್ಕನ್ನೂ ಹುಡುಕಿ ಹಿಡಿಯುತ್ತದೆ, ಬೀರುವಿನಲ್ಲಿರುವುದನ್ನು ಮುಟ್ಟಲಾರದು. ಸಿಕ್ಕಿಬಿದ್ದವರು ಹಣ ಕೊಡುವ ಮುನ್ನ, 2016ರಲ್ಲಿ ಯೂರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಮತ್ತು ನೆದರ್ಲೆಂಡ್ಸಿನ ಪೊಲೀಸರು ಖಾಸಗಿ ಕಂಪನಿಗಳೊಡನೆ ಸೇರಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ಜಾಲತಾಣದಲ್ಲಿ ತಮ್ಮ ಬಗೆಯ ಬೀಗಕ್ಕೆ ಉಚಿತ ಕೈ ಇದೆಯೇ ಎಂದು ನೋಡಬಹುದು. ಕೊಟ್ಟ ಹಣಕ್ಕೆ ಬೀಗದ ಕೈ ಬಂದೇ ಬರುತ್ತದೆಂಬ ಭರವಸೆ ಯಾರೂ ಕೊಡಲಾರರು.

ಇ-ಮೇಲಿನ ಮೋಸಕ್ಕೆ ಇಷ್ಟು ಎಡೆ ಸಿಕ್ಕುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅದರ ಹುಟ್ಟಿನಲ್ಲಿದೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸಿ, ಹೆಸರಿಗೂ ಯಂತ್ರಕ್ಕೂ ನಡುವೆ ‘ಆ್ಯಟ್’ ಚಿಹ್ನೆಯನ್ನಿಟ್ಟಾಗ, ಬಳಸುವವರು ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರಾಗಿದ್ದರು. 1982ರಲ್ಲಿ ರೂಪುಗೊಂಡು ಇಂದಿಗೂ ನಡೆದುಬಂದಿರುವ ಎಸ್‌ಎಂಟಿಪಿ ಎಂಬ ಸಾಗಾಟದ ನಿಯಮಾವಳಿ ಅದೇ ನಂಬಿಕೆಯ ಮೇಲೆ ನಿಂತಿದೆ. ಅಂಚೆ ಕಾರ್ಡಿನ ‘ಇಂದ’ ಎಂಬಲ್ಲಿ ಯಾರ ಹೆಸರು ಬರೆದರೂ ಅಂಚೆಯವರು ತಡೆಯದಂತೆ, ಕಳುಹಿಸುವವರು ತಮ್ಮ ಹೆಸರು ವಿಳಾಸಗಳ ಜಾಗದಲ್ಲಿ ಏನನ್ನು ಬರೆದರೂ ಆ ನಿಯಮಾವಳಿ ಪರೀಕ್ಷಿಸುವುದಿಲ್ಲ. ಆಮೇಲೆ ಸೇರಿಸಿದ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳು ಈ ಕೊರತೆಯನ್ನು ತುಂಬಲು ಯತ್ನಿಸುತ್ತವೆ: ಮೊದಲನೆಯದು ಒಂದು ಡೊಮೇನಿನ, ಅಂದರೆ ಜಾಲದಲ್ಲಿ ನೋಂದಾಯಿತವಾದ ಹೆಸರಿನ ಪರವಾಗಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆಯೆಂದು ಸಾರುತ್ತದೆ, ಎರಡನೆಯದು ಪತ್ರಕ್ಕೆ ಗಣಿತದ ಮೊಹರು ಒತ್ತುತ್ತದೆ, ಮೂರನೆಯದು ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುತ್ತದೆ. ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಇವನ್ನು ಕಡ್ಡಾಯ ಮಾಡಿವೆ. ಆದರೆ ಈ ಮೊಹರು ಪತ್ರ ಆ ಡೊಮೇನಿನಿಂದಲೇ ಬಂದಿದೆ ಎಂಬುದನ್ನಷ್ಟೇ ದೃಢಪಡಿಸುತ್ತದೆ, ಡೊಮೇನಿನ ಒಡೆಯ ಸಾಚಾ ಎಂಬುದನ್ನಲ್ಲ. ಬ್ಯಾಂಕಿನ ಹೆಸರನ್ನೇ ಹೋಲುವ ಡೊಮೇನನ್ನು ವಂಚಕರು ದುಡ್ಡು ಕೊಟ್ಟು ಕೊಂಡು ಎಲ್ಲ ಪರೀಕ್ಷೆಗಳಲ್ಲಿಯೂ ಪಾಸಾಗಬಲ್ಲರು.

ಆದಕಾರಣ ವಿಳಾಸವನ್ನು ಓದುವ ಬಗೆ ತಿಳಿದಿರಬೇಕು. ಲಕೋಟೆಯ ಮೇಲಿನ ವಿಳಾಸದಲ್ಲಿ ಮನೆಯ ಹೆಸರು ಏನೇ ಇರಲಿ, ಪತ್ರ ಯಾವ ಊರಿಗೆ ಹೋಗುತ್ತದೆಂಬುದನ್ನು ಕೊನೆಯ ಸಾಲು ತೀರ್ಮಾನಿಸುತ್ತದೆ. ‘ಮೈಸೂರು ನಿವಾಸ’ ಎಂಬ ಮನೆ ಬಳ್ಳಾರಿಯಲ್ಲಿಯೂ ಇರಬಹುದು. ಜಾಲದ ವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆ ಬರುವ ತನಕದ ಭಾಗವನ್ನು ತೆಗೆದುಕೊಂಡು ಅದನ್ನು ಬಲದಿಂದ ಎಡಕ್ಕೆ ಓದಬೇಕು. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗೌ ಡಾಟ್ ಇನ್’ ಎಂಬುದು ಆದಾಯ ತೆರಿಗೆ ಇಲಾಖೆಯದು, ಏಕೆಂದರೆ ಬಲತುದಿಯ ‘ಗೌ ಡಾಟ್ ಇನ್’ ಭಾರತದ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲು. ಅದರ ಮುಂದೆಯೇ ‘ಡಾಟ್ ರೀಫಂಡ್ ಡಾಟ್ ಕಾಮ್’ ಎಂದು ಬಾಲ ಬೆಳೆದರೆ ಒಡೆತನ ಪೂರ್ತಿ ಬದಲಾಗಿ, ಎಡಗಡೆಯ ಸರ್ಕಾರಿ ಹೆಸರೆಲ್ಲ ಬರಿಯ ಮನೆಯ ಬೋರ್ಡಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ತಮ್ಮ ಜಾಲತಾಣಗಳನ್ನು ಆ ವರ್ಷದ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂಬ ಮೀಸಲು ಡೊಮೇನಿಗೆ ಸಾಗಿಸಲು ಸೂಚಿಸಿದ್ದು ಗ್ರಾಹಕರಿಗೆ ಇದೇ ಬಗೆಯ ಗುರುತೊಂದು ಇರಲೆಂದು. ಇಷ್ಟಾದರೂ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ರೋಮನ್ ಲಿಪಿಯಲ್ಲಿ ‘ಆರ್’ ಮತ್ತು ‘ಎನ್’ ಅಕ್ಕಪಕ್ಕ ಕೂತರೆ ‘ಎಂ’ನಂತೆ ಕಾಣುತ್ತದೆ, ರಷ್ಯನ್ ಲಿಪಿಯ ಕೆಲವು ಅಕ್ಷರಗಳು ರೋಮನ್ ಅಕ್ಷರಗಳ ಪಡಿಯಚ್ಚಿನಂತಿವೆ.

ಅದಕ್ಕಾಗಿಯೇ ಎರಡನೆಯ ದಾರಿ ಬೇಕು. ಪತ್ರ ಎಷ್ಟೇ ನಿಜವೆನಿಸಲಿ, ಅದರಲ್ಲಿರುವ ಕೊಂಡಿಯನ್ನು ಒತ್ತದೆ, ಅದರಲ್ಲಿ ಕೊಟ್ಟ ಫೋನ್ ಸಂಖ್ಯೆಗೆ ಕರೆ ಮಾಡದೆ, ಬ್ಯಾಂಕಿನ ವಿಷಯವಾದರೆ ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ, ತೆರಿಗೆಯ ವಿಷಯವಾದರೆ ತಾವೇ ಬೆರಳಚ್ಚು ಮಾಡಿದ ವಿಳಾಸಕ್ಕೆ ಹೋಗಿ ವಿಚಾರಿಸಬೇಕು. ಗೆಳೆಯ ಪರದೇಶದಲ್ಲಿ ಪರ್ಸ್ ಕಳೆದುಕೊಂಡು ಹಣ ಕೇಳಿದ್ದರೆ ಅವನ ಹಳೆಯ ಸಂಖ್ಯೆಗೆ ಕರೆ ಮಾಡಿ ದನಿ ಕೇಳಬೇಕು. ಈ ಒಂದು ಹೆಜ್ಜೆ ದೊಡ್ಡ ದೊಡ್ಡವರಿಗೂ ತಪ್ಪಿದೆ: ಲಿಥುವೇನಿಯಾದ ಒಬ್ಬ ವ್ಯಕ್ತಿ 2013ರಿಂದ 2015ರವರೆಗೆ, ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳಿಗೆ ಯಂತ್ರಾಂಶ ಪೂರೈಸುವ ತೈವಾನಿನ ಕಂಪನಿಯ ಹೆಸರಿನಲ್ಲಿ ಸುಳ್ಳು ಬಿಲ್ಲುಗಳನ್ನು ಇ-ಮೇಲ್ ಮಾಡಿ 10 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತನ್ನ ಖಾತೆಗಳಿಗೆ ಹಾಕಿಸಿಕೊಂಡಿದ್ದ, 2019ರಲ್ಲಿ ಅವನಿಗೆ ಐದು ವರ್ಷಗಳ ಶಿಕ್ಷೆಯಾಯಿತು. ಪತ್ರದಲ್ಲಿ ಬರೆದ ಖಾತೆಯ ಸಂಖ್ಯೆಯನ್ನೇ ನಂಬಿ ಹಣ ಕಳುಹಿಸುವ ಅಡಿಕೆ ಮಂಡಿಯಾಗಲಿ ಮುದ್ರಣಾಲಯವಾಗಲಿ ಇದೇ ಗಾಳಕ್ಕೆ ಸಿಕ್ಕಬಹುದು.

ಗಾಳವೂ ಹಳೆಯದೇ. ಸ್ಪೇನಿನ ಸೆರೆಮನೆಯಲ್ಲಿರುವ ಶ್ರೀಮಂತನನ್ನು ಬಿಡಿಸಲು ಸ್ವಲ್ಪ ಹಣ ಕೊಟ್ಟರೆ ನಿಧಿಯಲ್ಲಿ ಪಾಲು ಸಿಗುವುದೆಂಬ ಕಾಗದಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಂಚೆಯಲ್ಲಿ ಓಡಾಡುತ್ತಿದ್ದವು. ನೈಜೀರಿಯಾದ ದಂಡಸಂಹಿತೆಯ ವಂಚನೆಯ ಕಲಮಿನಿಂದ 419 ಎಂಬ ಹೆಸರು ಪಡೆದ ಪತ್ರಗಳು ಅದೇ ಕಥೆಯ ಹೊಸ ಪ್ರತಿ. ಬದಲಾಗಿರುವುದು ಆಸೆಯ ಜಾಗಕ್ಕೆ ಹೆದರಿಕೆ ಬಂದಿರುವುದು. ಇಂದು ರಾತ್ರಿ ವಿದ್ಯುತ್ ಕಡಿತ, ಇಂದೇ ಖಾತೆ ಸ್ಥಗಿತ, ನಿಮ್ಮ ಪಾರ್ಸೆಲಿನಲ್ಲಿ ಮಾದಕವಸ್ತು ಎಂಬ ಮಾತುಗಳ ಉದ್ದೇಶ ಒಂದೇ, ಓದುವವರು ಇನ್ನೊಬ್ಬರನ್ನು ಕೇಳುವಷ್ಟು ಬಿಡುವು ಪಡೆಯದಂತೆ ನೋಡಿಕೊಳ್ಳುವುದು. ಮೋಸಹೋದವರನ್ನು ದಡ್ಡರೆಂದು ಜರೆಯುವುದು ಅನ್ಯಾಯ. ಮನೆಯ ಹಿರಿಯರು ನಾಚಿಕೆಯಿಂದ ಬಾಯಿಬಿಡದೆ ಕಳೆಯುವ ಒಂದು ದಿನವೇ ವಂಚಕರಿಗೆ ದೊಡ್ಡ ಲಾಭವಾಗಿದೆ.

ಆ ಒಂದು ದಿನದ ಬೆಲೆಯನ್ನು ನಿಯಮಗಳೂ ಒಪ್ಪಿವೆ. ಹಣ ಹೋದುದು ತಿಳಿದ ಕೂಡಲೇ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಿ, ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿದರೆ, ಹಣ ಮುಂದಿನ ಖಾತೆಗಳಿಗೆ ದಾಟುವ ಮುನ್ನ ತಡೆಯುವ ಸಾಧ್ಯತೆಯಿರುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದಾದ ಅನಧಿಕೃತ ವರ್ಗಾವಣೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟದ ಹೊಣೆಯಿಲ್ಲ. ಗ್ರಾಹಕರು ತಾವೇ ಒಟಿಪಿ ಹೇಳಿಬಿಟ್ಟಿದ್ದರೂ, ತಿಳಿಸಿದ ಕ್ಷಣದ ನಂತರ ಆಗುವ ನಷ್ಟ ಬ್ಯಾಂಕಿನದು. ಇನ್ನೊಬ್ಬರ ವೇಷದಲ್ಲಿ ಕಂಪ್ಯೂಟರಿನ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗಿನ ಸೆರೆಗೆ ಗುರಿಯಾಗುವ ಅಪರಾಧ.

ದೂರು ಕೊಡುವವರು ಸಿಟ್ಟಿನಿಂದಲೋ ನಾಚಿಕೆಯಿಂದಲೋ ಆ ಇ-ಮೇಲನ್ನು ಅಳಿಸಿಬಿಡುವುದು ಮೇಲಿಂದ ಮೇಲೆ ಆಗುವ ತಪ್ಪು. ಪತ್ರ ಯಾವ ಯಂತ್ರಗಳನ್ನು ಹಾದು ಬಂತೆಂಬ ದಾಖಲೆ ಅದರ ಹೆಡರಿನಲ್ಲಿ, ಅಂದರೆ ಸಾಮಾನ್ಯವಾಗಿ ಕಾಣದ ತಲೆಬರಹದ ಸಾಲುಗಳಲ್ಲಿ ಇರುತ್ತದೆ. ಅದನ್ನು ಮೂಲರೂಪದಲ್ಲಿ ಇಳಿಸಿಕೊಂಡು ಪೊಲೀಸರಿಗೆ ಕೊಡಬೇಕು, ಮುದ್ರಿಸಿದ ಚಿತ್ರ ಮಾತ್ರ ಸಾಲದು. ಇ-ಮೇಲಿನ ಪಾಸ್‌ವರ್ಡೇ ಹೊರಬಿದ್ದಿದ್ದರೆ, ಬೇರೆಲ್ಲ ಖಾತೆಗಳ ಹೊಸ ಪಾಸ್‌ವರ್ಡುಗಳು ಅದೇ ಪೆಟ್ಟಿಗೆಗೆ ಬರುವುದರಿಂದ, ಮೊದಲು ಅದನ್ನು ಬೇರೊಂದು ಯಂತ್ರದಿಂದ ಬದಲಾಯಿಸಿ, ಪಾಸ್‌ವರ್ಡಿನ ಜೊತೆಗೆ ಫೋನಿನ ಒಪ್ಪಿಗೆಯನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನು ಹಾಕಬೇಕು. ಅಷ್ಟಕ್ಕೇ ನಿಲ್ಲದೆ ಸೆಟ್ಟಿಂಗ್ಸಿನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬ ಎರಡು ಕಡೆಗಳನ್ನು ತೆರೆದು ನೋಡಬೇಕು, ಏಕೆಂದರೆ ಒಳಗೆ ಬಂದ ವಂಚಕರು ಬ್ಯಾಂಕಿನ ಹೆಸರಿರುವ ಪ್ರತಿಯೊಂದು ಪತ್ರವೂ ತಮ್ಮ ವಿಳಾಸಕ್ಕೆ ಹೋಗಿ ಇಲ್ಲಿ ಅಳಿಯುವಂತೆ ಒಂದು ಸಾಲಿನ ನಿಯಮ ಬರೆದಿಟ್ಟು ಹೋಗಿರುತ್ತಾರೆ, ಬೀಗ ಬದಲಾಯಿಸಿದ ಮೇಲೂ ಆ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ.